ಕಾಲೇಜಿನ ಮೊದಲ ವರ್ಷ
(ಭರಮಸಾಗರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಲ ಕಾಲೇಜಿಗೆ ಸೇರಿದ ಮಕ್ಕಳಿಗೆ ನಾಲ್ಕು ಮಾತು ಹೇಳಿರೆಂದು ನನ್ನನ್ನು ಕರೆದರು. ಬಂದು ನೋಡಿದರೆ ಮಕ್ಕಳಿಗಿಂತ ತಂದೆತಾಯಿಗಳೇ ಹೆಚ್ಚು. ಒಳ್ಳೆಯದೇ ಆಯಿತು. ನಾನು ಹೇಳಬೇಕೆಂದಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ತಮಗೇ ಸೇರಿದ್ದು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಈ ಸೀಮೆಯ ಹುಡುಗ ಪದವಿ ಓದಬೇಕಾದರೆ ಮೈಸೂರಿಗೋ ಬೆಂಗಳೂರಿಗೋ ಗಂಟುಮೂಟೆ ಕಟ್ಟಬೇಕಾಗಿತ್ತು. 1979ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ದಾವಣಗೆರೆಗೆ ಬಂದಿತು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಯಿತು. 2009ರಲ್ಲಿ ದಾವಣಗೆರೆಗೇ ಸ್ವಂತ ವಿಶ್ವವಿದ್ಯಾನಿಲಯ ಬಂದು, ನಮ್ಮ ಜಿಲ್ಲೆಯ ಕಾಲೇಜುಗಳೂ ಅದಕ್ಕೆ ಸೇರಿದವು. ಈಗ ಇಲ್ಲಿ ಬಸ್ಸು ಹತ್ತಿದರೆ ಒಂದು ಕಡೆ ದುರ್ಗ, ಇನ್ನೊಂದು ಕಡೆ ದಾವಣಗೆರೆ. ಬೆಳಿಗ್ಗೆ ಹೋದವರು ಸಂಜೆಗೆ ಮನೆಯಲ್ಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜೂ ಇಲ್ಲ. ರಸ್ತೆಯ ದೂರ ಕಡಿಮೆಯಾಯಿತು. ಕಾಲೇಜಿನ ಬಾಗಿಲು ದಾಟಿದ ಮೇಲಿನ ದೂರ ಮಾತ್ರ ಹಾಗೆಯೇ ಉಳಿದಿದೆ.

ನಾನು ಬಲ್ಲ ಒಬ್ಬ ಹುಡುಗನ ಸಂಗತಿ ಕೇಳಿ. ಕಿರಾಣಿ ಅಂಗಡಿಯವರ ಮಗ. ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಪಡೆದು ವಿಜ್ಞಾನಕ್ಕೆ ಸೇರಿದ. ಎರಡು ತಿಂಗಳು ದಿನವೂ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಆದರೆ ಕಾಲೇಜಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಅಲ್ಲೇ ಉಂಡು, ಸಂಜೆಗೆ ಮನೆಗೆ ಬರುತ್ತಿದ್ದ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಮೊದಲ ವಾರ ಒಂದು ಪ್ರಶ್ನೆ ಕೇಳಿದ್ದಕ್ಕೆ ಹಿಂದಿನ ಬೆಂಚಿನವರು ನಕ್ಕಿದ್ದರು, ಅಷ್ಟೆ. ಅಪ್ಪನಿಗೆ ಗೊತ್ತಾದದ್ದು ಪರೀಕ್ಷೆಯ ಫಾರಂ ತುಂಬುವ ಹೊತ್ತಿಗೆ. ಹೊಡೆದರು. ಅವನು ಈಗ ಲಾರಿಗೆ ಮೂಟೆ ಹೇರುತ್ತಾನೆ. ಮೂಟೆ ಹೇರುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ; ಆದರೆ ಅವನು ಆರಿಸಿಕೊಂಡ ಕೆಲಸ ಅದಾಗಿರಲಿಲ್ಲ.

ಅವನನ್ನು ದಡ್ಡನೆನ್ನುವ ಮೊದಲು ಮಿಲ್ಲಿನಲ್ಲಿ ದುಡಿದವರು ಒಂದು ಮಾತು ನೆನೆಯಬೇಕು. ದಾವಣಗೆರೆಯ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಹೊಸಬನನ್ನು ಒಬ್ಬನೇ ಯಂತ್ರದ ಮುಂದೆ ಬಿಡುತ್ತಿದ್ದರೆ? ಹಳೆಯ ಆಳಿನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಕಡಿದ ನೂಲನ್ನು ಸೇರಿಸುವುದು ಹೇಗೆ, ಬೆರಳನ್ನು ಎಲ್ಲಿ ಇಡಬಾರದು, ಜಾಬರನ ಬಳಿ ಯಾವ ಹೊತ್ತಿನಲ್ಲಿ ರಜಾ ಕೇಳಬೇಕು, ಇದೆಲ್ಲ ಯಾವ ಪುಸ್ತಕದಲ್ಲಿತ್ತು? ಅಂಗಡಿಯಲ್ಲೂ ಅಷ್ಟೆ. ಮಗನನ್ನು ಗಲ್ಲಾದ ಮೇಲೆ ಕೂರಿಸುವ ಮೊದಲು ವರ್ಷಗಟ್ಟಲೆ ಪೊಟ್ಟಣ ಕಟ್ಟಿಸುತ್ತೀರಿ. ಕಾಲೇಜಿಗೆ ಮಾತ್ರ ಫೀಜು ಕಟ್ಟಿ, ಹೊಸ ಅಂಗಿ ಹೊಲಿಸಿ, ಒಬ್ಬನನ್ನೇ ಬಿಟ್ಟು ಬರುತ್ತೇವೆ.

ನನ್ನ ತಂದೆಯೂ ಮಿಲ್ಲಿನ ಆಳು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ನೋಟೀಸು ಬೋರ್ಡಿನ ಮೇಲೆ ‘ಟ್ಯುಟೋರಿಯಲ್’ ಎಂದು ಬರೆದಿತ್ತು. ನಾನು ಅದನ್ನು ಟ್ಯೂಷನ್ ಎಂದುಕೊಂಡೆ. ದುಡ್ಡು ಕೇಳಿಯಾರೆಂದು ಹೆದರಿ ಮೂರು ವಾರ ಆ ಕೋಣೆಯ ಕಡೆಗೆ ಸುಳಿಯಲಿಲ್ಲ. ಅರ್ಥವಾಗದ ಪಾಠವನ್ನು ಪುಕ್ಕಟೆಯಾಗಿ ಮತ್ತೊಮ್ಮೆ ಹೇಳಿಕೊಡುವ ತರಗತಿ ಅದು!

ಇಂಥ ಸಣ್ಣ ಸಂಗತಿಗಳಲ್ಲಿಯೇ ನಮ್ಮ ಮಕ್ಕಳು ಎಡವುವುದು. ನೂರಕ್ಕೆ 75 ಹಾಜರಿ ಇಲ್ಲದವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಇದು ತಮಗೆ ಗೊತ್ತಿದೆಯೆ? ಶೇಂಗಾ ಕೀಳಲು ನಾಲ್ಕು ದಿನ, ಮೆಕ್ಕೆಜೋಳಕ್ಕೆ ವಾರ, ಸಂತೆಯ ದಿನ ಅಂಗಡಿಗೆ ಎಂದು ನಾವೇ ನಿಲ್ಲಿಸಿಕೊಳ್ಳುತ್ತೇವೆ. ಒಂದು ಸೆಮಿಸ್ಟರು ಎಂದರೆ ಅರ್ಧ ವರ್ಷವೂ ಪೂರ್ತಿ ಅಲ್ಲ. ಕಳೆದ ದಿನಗಳನ್ನು ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಕೊನೆಯ ಪರೀಕ್ಷೆಯ ಅಂಕವಲ್ಲದೆ ಕಾಲೇಜಿನವರೇ ಕೊಡುವ ಒಳ ಅಂಕಗಳೂ ಉಂಟು. ನಡುವಿನ ಕಿರುಪರೀಕ್ಷೆ ತಪ್ಪಿಸಿದವನಿಗೆ ಅವು ಹೋದವು. ನಿಯಮಗಳಾದರೂ ಒಂದೇ ಸಮ ಇರುತ್ತವೆಯೆ? 2021ರಲ್ಲಿ ಪದವಿಗೆ ನಾಲ್ಕನೆಯ ವರ್ಷ ಸೇರಿಸಿದರು, 2024ರಲ್ಲಿ ಮತ್ತೆ ಮೂರಕ್ಕೆ ತಂದರು. ಮೇಷ್ಟರುಗಳೇ ತಬ್ಬಿಬ್ಬಾದರು.

ಇನ್ನು ದುಡ್ಡು. ವಿದ್ಯಾರ್ಥಿವೇತನದ ಅರ್ಜಿ ಈಗ ಕಂಪ್ಯೂಟರಿನಲ್ಲಿ. ಜಾತಿ, ಆದಾಯದ ಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತರಬೇಕು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಅದಿಲ್ಲದಿದ್ದರೆ ಮಂಜೂರಾದ ಹಣವೂ ಕೈಗೆ ಬರುವುದಿಲ್ಲ. ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆಂದು 2013ರಲ್ಲಿ ವಿದ್ಯಾಸಿರಿ ಆರಂಭವಾಯಿತು, ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು. ಇಂಥ ಹಣ ಬರುವುದು ಸಾಮಾನ್ಯವಾಗಿ ಖರ್ಚಾದ ಮೇಲೆ. ಅದನ್ನು ನಂಬಿ ಹುಡುಗನಿಗೆ ಬಸ್ಸಿನ ಪಾಸು ಮಾಡಿಸದೆ ಕೂರಬೇಡಿ.

ಮಕ್ಕಳೇ, ನಿಮಗೆ ಒಂದೇ ಮಾತು. ಕಲಾ, ವಾಣಿಜ್ಯ ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಮೊದಲ ದಿನವೇ ಕೇಳಿರಿ. ನಗುವವರು ಒಂದು ವಾರ ನಗುತ್ತಾರೆ; ಅವರಿಗೂ ಬೇರೆ ಕೆಲಸವಿದೆ.

ಈಗ ವ್ಯವಸ್ಥೆಯ ಮಾತು. ಈ ಊರಿನಿಂದ ಎರಡನೆಯ, ಮೂರನೆಯ ವರ್ಷದಲ್ಲಿ ಓದುತ್ತಿರುವವರು ಇಲ್ಲಿಯೇ ಹಿಂದೆ ನಿಂತಿದ್ದಾರೆ. ಸಭೆ ಮುಗಿದ ಕೂಡಲೆ ಒಬ್ಬೊಬ್ಬರೂ ಇಬ್ಬಿಬ್ಬರು ಹೊಸಬರ ಹೆಸರು ಬರೆದುಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಜೊತೆಯಾಗಲಿ. ಒಂದೇ ಬಸ್ಸಿಗೆ ಹೋಗತಕ್ಕದ್ದು. ಬಾರದಿದ್ದವರ ಮನೆಗೆ ಅದೇ ಸಂಜೆ ಹೋಗಿ ವಿಚಾರಿಸತಕ್ಕದ್ದು. ತಂದೆಯಾದವರು ಬೈಯದೆ ಅವರನ್ನು ಒಳಗೆ ಕರೆದು ಕೂರಿಸಿ. ಅರ್ಜಿ ಬಾಕಿ ಇರುವವರು ಭಾನುವಾರ ಬೆಳಿಗ್ಗೆ 10 ಗಂಟೆಗೆ ಪಾಸ್‌ಬುಕ್ಕು, ಆಧಾರ್, ಅಂಕಪಟ್ಟಿ ಹಿಡಿದು ಇಲ್ಲಿಗೇ ಬನ್ನಿ. ನಾನೂ ಇರುತ್ತೇನೆ.