ಬಟ್ಟೆಗೂ ಒಂದು ಆಯುಸ್ಸು
(ಉಪನ್ಯಾಸದ ಲಿಖಿತ ರೂಪ)



ಅನ್ನ, ನೀರು, ಕಾಡುಗಳ ಕುರಿತು ನಡೆಯುವಷ್ಟು ಚಿಂತನೆ ಉಡುವ ಬಟ್ಟೆಯ ಕುರಿತು ನಡೆಯುವುದಿಲ್ಲ. ಒಂದು ಕಿಲೋ ಹತ್ತಿಬಟ್ಟೆ ಸಿದ್ಧವಾಗಲು ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ವ್ಯಯವಾಗುತ್ತದೆ. ಅರ್ಧ ಕಿಲೋ ತೂಗುವ ಸೀರೆಯೊಂದರ ಹಿಂದೆ 5,000 ಲೀಟರ್ ನೀರಿದೆ. ಅದು ಬಯಲುಸೀಮೆಯ ಯಾವುದೋ ಹೊಲದ ನೀರು. ಆದುದರಿಂದ ಸಂಸಾರದ ಬಟ್ಟೆಯ ಲೆಕ್ಕ ಪರಿಸರದ ಲೆಕ್ಕವೂ ಹೌದು.

ಮನುಷ್ಯನಿಗಿರುವಂತೆ ಬಟ್ಟೆಗೂ ಪ್ರಾಯ, ಮುಪ್ಪುಗಳಿವೆ. ಈ ಎರಡು ಆಯುಸ್ಸುಗಳನ್ನು ಹೊಂದಿಸಿದ ಮನೆಗೆ ಹೊಸ ಬಟ್ಟೆಯ ಅಗತ್ಯ ಕಡಿಮೆ.

ಬಟ್ಟೆಯ ಮುಪ್ಪು ಮೊದಲು ಒದಗುವುದು ಶಿಶುವಿಗೆ. ಹಲವು ವರ್ಷ ಒಗೆದು ಮೆತ್ತಗಾದ ಹತ್ತಿಯ ಸೀರೆ, ಗಂಜಿಯಿಂದ ಬಿರುಸಾದ ಹೊಸ ಬಟ್ಟೆಗಿಂತ ಎಳೆಯ ಚರ್ಮಕ್ಕೆ ಹಿತಕರ. ಕೊರಳಿಗೆ ಕಟ್ಟುವ ದಾರ ಮಾತ್ರ ಇರಕೂಡದು. ಬೆಳೆಯುವ ಮಕ್ಕಳ ಲಂಗ, ಚಡ್ಡಿಗಳ ಅಂಚಿನಲ್ಲಿ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಸಿದರೆ ವರ್ಷಕ್ಕೊಮ್ಮೆ ಬಿಚ್ಚಿ ಉದ್ದಗೊಳಿಸಬಹುದು. ಬಳಿಕ ಅದು ಅಕ್ಕನಿಂದ ತಂಗಿಗೆ ಸಲ್ಲುತ್ತದೆ.

ಹದಿಹರೆಯದ ಹೆಣ್ಣುಮಕ್ಕಳ ಅಗತ್ಯವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಟ್ಟಿನ ಬಟ್ಟೆಯನ್ನು ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪವಾದ ಊರುಗಳಲ್ಲಿ, ಸಂಕೋಚದಿಂದ ಮೂಲೆಯಲ್ಲಿ ಅಡಗಿಸಿಟ್ಟ ಹಸಿ ಬಟ್ಟೆ ಸೋಂಕಿಗೆ ದಾರಿಯಾಗುತ್ತದೆ. ಮಳೆಗಾಲಕ್ಕೆ ಹೆಚ್ಚಿನ ಜೊತೆಗಳು, ಗಾಳಿಯಾಡುವ ಮಾಡಿನ ಕೆಳಗೆ ಒಂದು ಹಗ್ಗ, ಸಾಧ್ಯವಾದರೆ ಇಸ್ತ್ರಿ, ಇವನ್ನು ಒದಗಿಸುವುದು ಮನೆಮಂದಿಯೆಲ್ಲರ ಕರ್ತವ್ಯ.

ದುಡಿಯುವ ವಯಸ್ಸಿನವರಲ್ಲಿ ಪಾಲಿಯೆಸ್ಟರ್ ಬಳಕೆ ಹೆಚ್ಚಿದೆ. ಮಳೆಯಲ್ಲಿ ಬೇಗ ಒಣಗುವ ಅದರ ಗುಣ ನಿಜವೇ. ತೋಟ, ಗದ್ದೆಗಳಿಗೆ ಅದು ಇರಲಿ. ಸೌದೆ ಒಲೆಯ ಮುಂದೆ ಬೇಡ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಮೈಗೆ ಹೊಂದಿಕೊಳ್ಳುವ, ಸೆರಗು ಜೋಲಾಡದ ಹತ್ತಿಯ ಉಡುಪು ಲೇಸು. ಮದುವೆಯ ರೇಷ್ಮೆಗೆ ಸಾಲ ಮಾಡುವ ಬದಲು, ಮನೆಯಲ್ಲಿರುವ ಸೀರೆಯನ್ನು ಹೆಣ್ಣುಮಕ್ಕಳೆಲ್ಲ ಸರದಿಯಂತೆ ಉಟ್ಟರೆ ಯಾವ ಗೌರವಕ್ಕೂ ಕುಂದಿಲ್ಲ.

ವೃದ್ಧರ ಉಡುಪಿನಲ್ಲಿ ಗುಂಡಿಗಳು ಮುಂದೆ ಇರಬೇಕು, ದೊಡ್ಡವಿರಬೇಕು. ಉದ್ದ ಪಾದಕ್ಕೆ ತೊಡರಬಾರದು. ಚಳಿಗೆ ಒಂದು ಭಾರದ ಹೊದಿಕೆಗಿಂತ ಹಗುರವಾದ ಎರಡು ಪದರಗಳು ಉತ್ತಮ.

ಉಡಲಾಗದ ಬಟ್ಟೆಗೂ ಕೆಲಸವುಂಟು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತಾ ನಡುವಿನವರೆಗೆ ಹೊಲಿದು ಕೌದಿ ಮಾಡುತ್ತಾರೆ. ಕೌದಿ ಜೀರ್ಣವಾದರೆ ಒರೆಸುಬಟ್ಟೆ. ಹತ್ತಿಯಾದರೆ ಕೊನೆಗೆ ಗೊಬ್ಬರದ ಗುಂಡಿ. ಪಾಲಿಯೆಸ್ಟರ್ ಹಾಗೆ ಮಣ್ಣಾಗುವುದಿಲ್ಲ. ಒಗೆಯುವಾಗಲೇ ಅದರ ಸೂಕ್ಷ್ಮ ಎಳೆಗಳು ಹಳ್ಳ ಸೇರುತ್ತವೆ. ಹೊಸತು ಕೊಳ್ಳಲೇಬೇಕಾದಾಗ ಕೈಮಗ್ಗದತ್ತ ನೋಡುವುದು ಉಚಿತ. 1990ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಆರಂಭವಾದ 'ಚರಕ' ಮಹಿಳಾ ಸಹಕಾರ ಸಂಘವು ಅಡಿಕೆಯ ಚೊಗರಿನಿಂದಲೇ ಬಟ್ಟೆಗೆ ಬಣ್ಣ ಕಟ್ಟಿ ತೋರಿಸಿತು.

ಆದರೆ ಒಗೆಯುವ, ಹೊಲಿಯುವ, ತೇಪೆ ಹಾಕುವ ದುಡಿಮೆಯೆಲ್ಲ ಹೆಂಗಸರ ಮೇಲೆಯೇ ಬಿದ್ದರೆ ಈ ಮಿತವ್ಯಯ ಅನ್ಯಾಯವಾಗುತ್ತದೆ. ಮಳೆಗಾಲಕ್ಕೆ ಮುನ್ನ ಪ್ರತಿ ಮನೆಯಲ್ಲೂ ಪೆಟ್ಟಿಗೆ ತೆರೆದು, ಉಡುವಂಥವು, ದುರಸ್ತಿಯಾಗಬೇಕಾದವು, ಕೌದಿಗೆ ಹೋಗುವಂಥವು ಎಂದು ವಿಂಗಡಿಸಲಿ. ಆ ದಿನ ಗಂಡುಮಕ್ಕಳೂ ಸೂಜಿಗೆ ದಾರ ಪೋಣಿಸಿ ಕುಳಿತುಕೊಳ್ಳಲಿ.