ಮಕ್ಕಳ ಶ್ವಾಸಕೋಶದಲ್ಲಿ ರಕ್ತದ ಹೆಪ್ಪು: ಚಿಕಿತ್ಸೆ ಮತ್ತು ಮನೆಯವರ ಹೊಣೆ



ಕಾಲಿನ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಹಲವು ದಿನ ಹಾಸಿಗೆಯಲ್ಲೇ ಕಳೆದ ಹದಿನಾರರ ಹುಡುಗನಿಗೆ ಇದ್ದಕ್ಕಿದ್ದಂತೆ ಉಸಿರಾಡುವುದು ಕಷ್ಟವಾದರೆ, ಉಸಿರೆಳೆದಾಗಲೆಲ್ಲ ಎದೆಯಲ್ಲಿ ಚುಚ್ಚಿದಂತಾದರೆ, ಮನೆಯವರು ಮೊದಲು ಊಹಿಸುವುದು ಶೀತ, ವಾಯು ಇಲ್ಲವೇ ದಮ್ಮು. ವೈದ್ಯರು ಕೂಡ ಕೆಲವೊಮ್ಮೆ ನ್ಯುಮೋನಿಯಾ ಎಂದು ಭಾವಿಸುವುದುಂಟು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕುವುದು ವಯಸ್ಸಾದವರ ಕಾಯಿಲೆ ಎಂಬ ಭಾವನೆ ಅಷ್ಟು ಬಲವಾಗಿದೆ. ಮಕ್ಕಳಲ್ಲಿ ಇದು ಅಪರೂಪವೆಂಬುದು ನಿಜ. ಆದರೆ ಅಪರೂಪವಾದುದರಿಂದಲೇ ಇದನ್ನು ಗುರುತಿಸುವುದು ತಡವಾಗುತ್ತದೆ.

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ದೇಹದ ರಕ್ಷಣಾ ವ್ಯವಸ್ಥೆ. ಅದೇ ಹೆಪ್ಪು ಗಾಯವಿಲ್ಲದ ಕಡೆ, ರಕ್ತನಾಳದ ಒಳಗೇ ಕಟ್ಟಿಕೊಂಡಾಗ ಅಪಾಯ ಆರಂಭವಾಗುತ್ತದೆ. ಕಾಲಿನ ಅಥವಾ ತೋಳಿನ ಆಳದ ಅಭಿಧಮನಿಯಿಂದ ಕಳಚಿದ ಹೆಪ್ಪಿನ ತುಣುಕು ರಕ್ತಪ್ರವಾಹದೊಡನೆ ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ಸಿಲುಕಿಕೊಳ್ಳುತ್ತದೆ. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಂ ಎನ್ನುತ್ತಾರೆ. ಹೆಪ್ಪು ಹೀಗೆ ಒಂದೆಡೆ ಕಟ್ಟಿ ಇನ್ನೊಂದೆಡೆಗೆ ಸಾಗಬಲ್ಲದೆಂದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಶೋ.

ಮಕ್ಕಳಲ್ಲಿ ಈ ತೊಂದರೆ ಬಹುಮಟ್ಟಿಗೆ ಬೇರೊಂದು ಕಾಯಿಲೆಯ ಬೆನ್ನಿಗೇ ಬರುತ್ತದೆ. ಕೆನಡಾದ ಮಕ್ಕಳ ತಜ್ಞೆ ಮೌರೀನ್ ಆಂಡ್ರ್ಯೂ ಮತ್ತು ಅವರ ಸಂಗಡಿಗರು 1994ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸ್ಪತ್ರೆಗೆ ದಾಖಲಾದ ಪ್ರತಿ 10,000 ಮಕ್ಕಳಲ್ಲಿ ಸುಮಾರು ಐವರಿಗೆ ಅಭಿಧಮನಿಯಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿತ್ತು. ಔಷಧ ಮತ್ತು ದ್ರವಾಹಾರ ಕೊಡಲು ದೊಡ್ಡ ಅಭಿಧಮನಿಯೊಳಗೆ ಇರಿಸುವ ನಳಿಕೆಯೇ ಮಕ್ಕಳಲ್ಲಿ ಮುಖ್ಯ ಕಾರಣ. ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್, ಲೂಪಸ್, ದೊಡ್ಡ ಶಸ್ತ್ರಚಿಕಿತ್ಸೆ, ಬಹುದಿನ ಅಲುಗಾಡದೆ ಮಲಗಿರುವುದು, ಹದಿಹರೆಯದವರಲ್ಲಿ ಅತಿ ಬೊಜ್ಜು, ಇವೂ ಕಾರಣಗಳೇ. ಒಂದು ವರ್ಷದೊಳಗಿನ ಶಿಶುಗಳಲ್ಲಿ ಮತ್ತು ಹದಿಹರೆಯದವರಲ್ಲಿ ಇದು ಹೆಚ್ಚು.

ಹದಿಹರೆಯದ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆಗಳು ಹೆಪ್ಪಿನ ಅಪಾಯವನ್ನು ಹೆಚ್ಚಿಸುತ್ತವೆ. ಮದುವೆ, ವ್ರತ, ಯಾತ್ರೆಗಳ ಸಮಯದಲ್ಲಿ ಮುಟ್ಟನ್ನು ಮುಂದೂಡಲೆಂದು ಔಷಧದ ಅಂಗಡಿಯಿಂದ ನೇರವಾಗಿ ತರುವ ನಾರ್‌ಎಥಿಸ್ಟೆರೋನ್ ಮಾತ್ರೆಯ ಸ್ವಲ್ಪ ಭಾಗವೂ ದೇಹದಲ್ಲಿ ಒಂದು ಬಗೆಯ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಅದನ್ನು ವೈದ್ಯರನ್ನು ಕೇಳದೆ ಹುಡುಗಿಯರಿಗೆ ಕೊಡುವುದು ಸಲ್ಲದು. ಉಸಿರಾಟದ ತೊಂದರೆಯೆಂದು ಆಸ್ಪತ್ರೆಗೆ ಹೋದಾಗ ಇಂಥ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡಲೂ ಬಾರದು.

ಹಠಾತ್ತಾದ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ, ಎದೆಬಡಿತದ ವೇಗ, ಎಚ್ಚರ ತಪ್ಪುವುದು, ಒಂದೇ ಕಾಲು ಊದಿಕೊಂಡು ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆ ಸೇರಬೇಕು. ರಕ್ತನಾಳಕ್ಕೆ ಬಣ್ಣದ್ರವ ಹಾಯಿಸಿ ತೆಗೆಯುವ ಸಿ.ಟಿ. ಚಿತ್ರದಿಂದ ಹೆಪ್ಪು ಸ್ಪಷ್ಟವಾಗಿ ಕಾಣುತ್ತದೆ. ಹೃದಯದ ಬಲಭಾಗಕ್ಕೆ ಎಷ್ಟು ಒತ್ತಡ ಬಿದ್ದಿದೆ ಎಂಬುದನ್ನು ಎಕೋ ಪರೀಕ್ಷೆ ತಿಳಿಸುತ್ತದೆ.

ಇನ್ನು ಚಿಕಿತ್ಸೆ. ಕೊಟ್ಟ ಔಷಧವು ಹೆಪ್ಪನ್ನು ಕರಗಿಸಿಬಿಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಹೆಚ್ಚಿನ ಮಕ್ಕಳ ವಿಷಯದಲ್ಲಿ ಅದು ಹಾಗಲ್ಲ. ಹೆಪ್ಪುರೋಧಕ ಔಷಧವು ಇರುವ ಹೆಪ್ಪು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ. ಹಳೆಯದನ್ನು ಕರಗಿಸುವ ಕೆಲಸ ದೇಹದ್ದೇ. ಆ ಕೆಲಸಕ್ಕೆ ವಾರಗಳು, ತಿಂಗಳುಗಳು ಬೇಕು. ಮಗು ಒಂದು ವಾರದಲ್ಲಿ ಎದ್ದು ಓಡಾಡಿತೆಂದು ಔಷಧ ನಿಲ್ಲಿಸುವ ತಂದೆತಾಯಿಗಳು ಅರಿಯಬೇಕಾದ ಸಂಗತಿ ಇದೇ.

ಹೆಪ್ಪುರೋಧಕದಿಂದ ಜೀವ ಉಳಿಯುತ್ತದೆ ಎಂಬುದು 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರ ಪ್ರಯೋಗದಿಂದ ಖಚಿತವಾಯಿತು. ಔಷಧವಿಲ್ಲದ 19 ರೋಗಿಗಳಲ್ಲಿ ಐವರು ಈ ಕಾಯಿಲೆಯಿಂದಲೇ ಮೃತಪಟ್ಟರೆ, ಔಷಧ ಪಡೆದ 16 ಮಂದಿಯಲ್ಲಿ ಯಾರೂ ಅದರಿಂದ ಸಾಯಲಿಲ್ಲ. ಆದರೆ ಅವರೆಲ್ಲ ವಯಸ್ಕರು. ಬಹುಕಾಲ ಮಕ್ಕಳಿಗೆ ದೊಡ್ಡವರ ಲೆಕ್ಕವನ್ನೇ ತೂಕಕ್ಕೆ ತಕ್ಕಂತೆ ಇಳಿಸಿ ಕೊಡಲಾಗುತ್ತಿತ್ತು. ಅದು ಸಾಲದು. ಉದಾಹರಣೆಗೆ, ಚರ್ಮದಡಿಗೆ ಚುಚ್ಚುವ ಎನಾಕ್ಸಪ್ಯಾರಿನ್ ಔಷಧವನ್ನು ದೊಡ್ಡ ಮಕ್ಕಳಿಗೆ ಕಿಲೋ ತೂಕಕ್ಕೆ 1 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಆರಂಭಿಸಿದರೆ, ಎರಡು ತಿಂಗಳೊಳಗಿನ ಶಿಶುವಿಗೆ 1.5 ಮಿಲಿಗ್ರಾಂ ಬೇಕಾಗುತ್ತದೆ. ಆಮೇಲೆ ರಕ್ತಪರೀಕ್ಷೆ ನೋಡಿ ವೈದ್ಯರು ಅದನ್ನು ಹೊಂದಿಸುತ್ತಾರೆ.

ರಿವರೋಕ್ಸಬಾನ್ ಎಂಬ ಬಾಯಿಯ ಔಷಧವನ್ನು 28 ದೇಶಗಳ 500 ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮೊದಲ ಕೆಲವು ದಿನ ಹೆಪಾರಿನ್ ಬಗೆಯ ಔಷಧವನ್ನೇ ಕೊಟ್ಟು ಅನಂತರ ಎರಡು ಗುಂಪು ಮಾಡಲಾಗಿತ್ತು. ಹೊಸ ಔಷಧ ಪಡೆದ 335 ಮಕ್ಕಳಲ್ಲಿ ನಾಲ್ವರಿಗೆ, ಹಳೆಯ ಕ್ರಮದ 165 ಮಕ್ಕಳಲ್ಲಿ ಐವರಿಗೆ ಮತ್ತೆ ಹೆಪ್ಪುಗಟ್ಟಿತು. ದಿನಕ್ಕೆರಡು ಬಾರಿ ಸೂಜಿ ಕಂಡು ಅಳುವ ಮಗುವಿನ ತಾಯಿಗೆ, ಕುಡಿಸಬಹುದಾದ ದ್ರವರೂಪದ ಔಷಧ ಬಂದುದರ ಬೆಲೆ ಯಾರೂ ವಿವರಿಸಬೇಕಾಗಿಲ್ಲ.

ಹಳೆಯ ವಾರ್ಫರಿನ್ ಮಾತ್ರೆಯೂ ಬಳಕೆಯಲ್ಲಿದೆ. ಅದು ಇಲಿಪಾಷಾಣವೆಂದು ಯಾರೋ ಹೇಳಿದ್ದನ್ನು ಕೇಳಿ ಮನೆಯವರು ಹೆದರುವುದುಂಟು. ಮುಗ್ಗಿದ ಒಂದು ಬಗೆಯ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸತ್ತದ್ದರ ಕಾರಣ ಹುಡುಕುತ್ತ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಸಂಶೋಧನೆಯ ಫಲ ಅದು. 1948ರಲ್ಲಿ ಇಲಿ ಕೊಲ್ಲಲು ಬಂತೆಂಬುದೂ ನಿಜ, 1954ರಲ್ಲಿ ಮನುಷ್ಯರ ಔಷಧವಾಯಿತೆಂಬುದೂ ನಿಜ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಅದಕ್ಕಾಗಿಯೇ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿ, ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ. ಹಾಗೆಂದು ಮೆಂತ್ಯ, ಪಾಲಕ್, ನುಗ್ಗೆಸೊಪ್ಪುಗಳನ್ನು ಬಿಡಬೇಕಾಗಿಲ್ಲ. ಒಂದು ವಾರ ದಿನವೂ ಸೊಪ್ಪಿನ ಹುಳಿ, ಮರುವಾರ ಒಂದೆಲೆಯೂ ಇಲ್ಲ ಎಂಬಂತಾಗದೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಡಿಸಿದರೆ ಸಾಕು.

ರಕ್ತದೊತ್ತಡ ಕುಸಿದು ಮಗುವಿನ ಪ್ರಾಣಕ್ಕೆ ಸಂಚಕಾರ ಬಂದಾಗ ಮಾತ್ರ ಹೆಪ್ಪನ್ನು ನೇರವಾಗಿ ಕರಗಿಸುವ ಆಲ್ಟೆಪ್ಲೇಸ್‌ನಂಥ ಔಷಧ ಕೊಡುತ್ತಾರೆ. ಇದರಿಂದ ತೀವ್ರ ರಕ್ತಸ್ರಾವದ ಅಪಾಯವಿರುವುದರಿಂದ ತೀವ್ರ ನಿಗಾ ಘಟಕದಲ್ಲಿಯೇ ಇದು ನಡೆಯಬೇಕು.

ಚಿಕಿತ್ಸೆಯ ಅವಧಿ ಸಾಮಾನ್ಯವಾಗಿ ಮೂರು ತಿಂಗಳು. ಕಾರಣ ತಿಳಿಯದಿದ್ದರೆ ಇನ್ನೂ ದೀರ್ಘ. ಶಸ್ತ್ರಚಿಕಿತ್ಸೆಯಂಥ ತಾತ್ಕಾಲಿಕ ಕಾರಣವಿದ್ದ ಕೆಲವು ಮಕ್ಕಳಿಗೆ ಆರು ವಾರವೂ ಸಾಕಾಗಬಹುದೆಂದು 2022ರ ಅಧ್ಯಯನವೊಂದು ತೋರಿಸಿದೆ. ಆದರೆ ಯಾರಿಗೆ ಸಾಕು ಎಂಬುದು ಮತ್ತೆ ಪರೀಕ್ಷಿಸಿ ವೈದ್ಯರು ತೀರ್ಮಾನಿಸುವ ವಿಷಯ, ಮನೆಯವರ ಊಹೆಯಲ್ಲ.

ಈ ಅವಧಿಯಲ್ಲಿ ಜ್ವರ, ಮೈಕೈನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಸ್ನಾಯುವಿಗೆ ಚುಚ್ಚುಮದ್ದು ಹಾಕಿಸುವ ಮುನ್ನ, ಹಲ್ಲು ಕೀಳಿಸುವ ಮುನ್ನ ತಿಳಿಸಬೇಕು. ಪೆಟ್ಟು ಬೀಳುವಂಥ ಆಟಗಳು ಬೇಡ. ಮಲ ಕಪ್ಪಾಗುವುದು, ಮೂಗಿನ ರಕ್ತ ನಿಲ್ಲದಿರುವುದು, ಮುಟ್ಟಿನ ಸ್ರಾವ ಅತಿಯಾಗುವುದು ಕಂಡರೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ತೋರಿಸಲೇಬೇಕು.

ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಕುಟುಂಬಗಳು ರಜೆಗೆ ಊರಿಗೆ ಹೊರಡುವಾಗ ಔಷಧದ ಹೆಸರು, ಪ್ರಮಾಣ, ಕೊನೆಯ ರಕ್ತಪರೀಕ್ಷೆಯ ತಾರೀಖು ಬರೆದ ಚೀಟಿಯೊಂದನ್ನು, ರಜೆ ಮುಗಿಯುವವರೆಗೂ ಸಾಲುವಷ್ಟು ಔಷಧವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಔಷಧದ ಹೊತ್ತು ತಿಳಿದಿರಲಿ. ದೂರದ ಪ್ರಯಾಣದಲ್ಲಿ ಮಗುವನ್ನು ಆಗಾಗ ಎಬ್ಬಿಸಿ ನಡೆದಾಡಿಸಬೇಕು.

ಔಷಧ ಮುಗಿದ ಮೇಲೆಯೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ, ಅದನ್ನು ನಿಶ್ಶಕ್ತಿಯೆಂದು ಬಿಡದೆ ಹೃದಯದ ಎಕೋ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗುತ್ತದೆ. ಮುಂದೆ ಎಂದಾದರೂ ಶಸ್ತ್ರಚಿಕಿತ್ಸೆ ನಡೆಯುವುದಾದರೆ, ಹುಡುಗಿಯಾದರೆ ಬಸುರಿಯಾದಾಗ, ಬಾಲ್ಯದ ಈ ಕಾಯಿಲೆಯ ವಿಷಯವನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಬೇಕು. ಹಳೆಯ ಕಾಗದಪತ್ರಗಳನ್ನು ಅದಕ್ಕೆಂದು ಜೋಪಾನವಾಗಿ ಇಟ್ಟಿರಬೇಕು.