ಟ್ಯಾಂಕಿನ ನೆಲ ಮೀನಿಗೆ, ಗೋಡೆಯೂ ಮೀನಿಗೇ



ಈ ಸಲದ ವಿಷಯ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜಿನಿಂದ. ಕೇಳುಗರೊಬ್ಬರು ಕಳಿಸಿದ್ದು. "ಎರಡಡಿ ಅಕ್ವೇರಿಯಂ ತಂದಿದೀನಿ. ಕೆಳಗೆ ನೀಲಿ ಗ್ರಾವೆಲ್ ಹಾಕ್ಲಾ, ಬಿಳಿ ಹಾಕ್ಲಾ? ಹಿಂದೆ ಹವಳದ ಪೋಸ್ಟರ್ ಚೆನ್ನಾಗಿ ಕಾಣುತ್ತಾ? ಹೋದ ಸಲ ತಂದ ಮೀನುಗಳು ದಿನಪೂರ್ತಿ ಫಿಲ್ಟರ್ ಹಿಂದೆನೇ ಇರ್ತಿದ್ವು. ಬಣ್ಣನೂ ಮಾಸಿಹೋಯ್ತು." ಅವರು ಕೇಳಿದ್ದು ಎರಡು ಪ್ರಶ್ನೆ. ಆದರೆ ನಿಜವಾದ ಪ್ರಶ್ನೆ ಇರೋದು ಆ ಕೊನೆಯ ಎರಡು ವಾಕ್ಯದಲ್ಲಿ. ಮೀನು ಯಾಕೆ ಬಚ್ಚಿಟ್ಕೊಳ್ತಿತ್ತು? ಬಣ್ಣ ಎಲ್ಲಿ ಹೋಯ್ತು?

ನಾವು ಟ್ಯಾಂಕಿನ ನೆಲ ಮತ್ತು ಹಿನ್ನೆಲೆಯನ್ನ ಡೆಕೊರೇಷನ್ ಅಂದ್ಕೊಂಡಿದ್ದೀವಿ. ಸೋಫಾ ಕವರ್ ಆರಿಸೋ ಹಾಗೆ ಆರಿಸ್ತೀವಿ. ಮೀನಿಗೆ ಅದು ಡೆಕೊರೇಷನ್ ಅಲ್ಲ, ಅದೇ ಮನೆಯ ನೆಲ, ಅದೇ ಮನೆಯ ಗೋಡೆ. ಇವತ್ತು ನಾನು ಹೇಳೋದು ಇಷ್ಟೇ: ಮೊದಲು ಮೀನು, ಆಮೇಲೆ ನೆಲ, ಕೊನೆಗೆ ಹಿನ್ನೆಲೆ. ಈ ಕ್ರಮ ತಪ್ಪದೇ ಇದ್ರೆ ಮೀನಿಗೂ ಒಳ್ಳೇದು, ಜೇಬಿಗೂ ಒಳ್ಳೇದು.

ಒಂದು ಹೊಳೆಯನ್ನ ಕಣ್ಣ ಮುಂದೆ ತಂದ್ಕೊಳ್ಳಿ. ಬೆಳಕು ಬರೋದು ಮೇಲಿಂದ. ಕೆಳಗೆ ಕಲ್ಲು, ಕೆಸರು, ಕೊಳೆತ ಎಲೆ, ಎಲ್ಲ ಮಂಕು ಬಣ್ಣ. ಈಗ ನಮ್ಮ ಗಾಜಿನ ಟ್ಯಾಂಕ್ ನೋಡಿ. ಮೇಲೆ ಎಲ್‌ಇಡಿ, ನಾಲ್ಕೂ ಕಡೆ ಗಾಜು, ಕೆಳಗೆ ಬೆಳ್ಳಗಿನ ಕಲ್ಲು ಹಾಕಿದ್ರೆ ಅಲ್ಲಿಂದಲೂ ಬೆಳಕು ಎದ್ದು ಹೊಡೆಯುತ್ತೆ. ಬೇರೆ ಪ್ರಾಣಿಗಳ ಬಾಯಿಗೆ ಸಿಗೋ ಸಣ್ಣ ಮೀನಿಗೆ ಇದು ಮೈದಾನದ ಮಧ್ಯೆ ನಿಂತ ಹಾಗೆ. ಎಲ್ಲಿ ಮರೆ ಸಿಗುತ್ತೋ ಅಲ್ಲಿಗೆ ಓಡುತ್ತೆ. ಫಿಲ್ಟರ್ ಹಿಂದೆ ಅಂದ್ರೆ ಫಿಲ್ಟರ್ ಹಿಂದೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯ. ಎಷ್ಟೋ ಜಾತಿಯ ಮೀನುಗಳು ಸುತ್ತಲಿನ ಬಣ್ಣಕ್ಕೆ ತಕ್ಕ ಹಾಗೆ ಮೈಬಣ್ಣ ಹೊಂದಿಸ್ಕೊಳ್ತವೆ. ಚರ್ಮದಲ್ಲಿರೋ ಬಣ್ಣದ ಕೋಶಗಳಲ್ಲಿ ವರ್ಣಕಣಗಳು ಹರಡಿದ್ರೆ ಮೈ ಗಾಢ, ಒಂದೆಡೆ ಕೂಡ್ಕೊಂಡ್ರೆ ತಿಳಿ. ಫ್ರಾನ್ಸಿಸ್ ಸಮ್ನರ್ ಅನ್ನೋ ಅಮೆರಿಕದ ವಿಜ್ಞಾನಿ 1930ರ ದಶಕದಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ಸೊಳ್ಳೆ ಮರಿ ತಿನ್ನೋ ಗ್ಯಾಂಬೂಸಿಯಾ ಮೀನುಗಳಲ್ಲಿ ಕೆಲವನ್ನ ಕಪ್ಪು ತೊಟ್ಟಿಯಲ್ಲಿ, ಕೆಲವನ್ನ ಬಿಳಿ ತೊಟ್ಟಿಯಲ್ಲಿ ಇಟ್ರು. ಕಪ್ಪಿನಲ್ಲಿದ್ದವು ಗಾಢವಾದ್ವು, ಬಿಳಿಯಲ್ಲಿದ್ದವು ಬಿಳಿಚಿಕೊಂಡ್ವು. ಆಮೇಲೆ ಎರಡನ್ನೂ ಬೆರೆಸಿ, ಮೀನು ತಿನ್ನೋ ಹಕ್ಕಿಗಳಿಗೆ ಬಿಟ್ಟು ನೋಡಿದ್ರು. ಆ ಹಕ್ಕಿಗಳಲ್ಲಿ ಪೆಂಗ್ವಿನ್ ಕೂಡ ಇತ್ತು. ಸುತ್ತಲಿನ ಬಣ್ಣಕ್ಕೆ ಹೊಂದದ ಮೀನುಗಳೇ ಹೆಚ್ಚು ಸಿಕ್ಕಿಬಿದ್ವು. ಅಂದ್ರೆ ಬಣ್ಣ ಹೊಂದಿಸ್ಕೊಳ್ಳೋದು ಮೀನಿಗೆ ಜೀವದ ಪ್ರಶ್ನೆ. ಬಿಳಿ ಗ್ರಾವೆಲ್ ಮೇಲೆ ಮೀನಿನ ಬಣ್ಣ ಎದ್ದು ಕಾಣುತ್ತೆ ಅಂತ ನಾವು ದುಡ್ಡು ಕೊಡ್ತೀವಿ, ಅದೇ ಬಿಳಿ ನೋಡಿ ಮೀನು ಬಣ್ಣ ಇಳಿಸ್ಕೊಳ್ಳುತ್ತೆ. ಹಾಗಂತ ಬಣ್ಣ ಮಾಸೋದಕ್ಕೆಲ್ಲ ನೆಲನೇ ಕಾರಣ ಅಲ್ಲ. ಕೆಟ್ಟ ನೀರು, ಕಾಯಿಲೆ, ಸರಿಯಿಲ್ಲದ ಆಹಾರದಿಂದಲೂ ಆಗುತ್ತೆ. ಮೊದಲು ನೀರು ಪರೀಕ್ಷೆ ಮಾಡಿ, ಆಮೇಲೆ ಕಲ್ಲಿನ ಮೇಲೆ ಅನುಮಾನ ಪಡಿ.

ಸರಿ, ಈಗ ಅಂಗಡಿಗೆ ಹೋಗೋಣ. ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನನ್ನ ಮೀನು ನೆಲದ ಜೊತೆ ಏನು ಮಾಡುತ್ತೆ?

ಕೋರಿಡೋರಸ್ ಅಂತ ಒಂದು ಪುಟ್ಟ ಮೀಸೆ ಮೀನಿದೆ. ಅದು ಮೀಸೆಯಲ್ಲಿ ನೆಲ ತಡಕಾಡಿ, ಮರಳನ್ನ ಬಾಯಿಗೆ ತಗೊಂಡು, ಕಿವಿರಿನಿಂದ ಆಚೆ ಬಿಡುತ್ತೆ. ಅದಕ್ಕೆ ನುಣುಪಾದ ಸಣ್ಣ ಮರಳೇ ಬೇಕು. ಚೂಪಾದ ಕಲ್ಲು, ಕೊಳಕಾದ ನೆಲ ಎರಡೂ ಆ ಮೀಸೆಗೆ ಆಗಲ್ಲ. ಕುಹ್ಲಿ ಲೋಚ್ ಹಾವಿನ ಮರಿ ಥರ ಮರಳಲ್ಲೇ ಹೂತ್ಕೊಳ್ಳುತ್ತೆ. ಗೋಲ್ಡ್‌ಫಿಶ್‌ಗೆ ಕಲ್ಲನ್ನ ಬಾಯಿಗೆ ಹಾಕ್ಕೊಂಡು ಉಗುಳೋ ಚಾಳಿ, ಬಟಾಣಿ ಗಾತ್ರದ ಕಲ್ಲು ಬಾಯಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೆ ಸಣ್ಣ ಮರಳು ಹಾಕಿ, ಇಲ್ಲಾಂದ್ರೆ ಬಾಯಿಗೆ ಹಿಡಿಯದಷ್ಟು ದೊಡ್ಡ ಕಲ್ಲು ಹಾಕಿ. ಗಪ್ಪಿ, ಫೈಟರ್ ಮೀನುಗಳಿಗೆ ನೆಲದ ಗೊಡವೆ ಅಷ್ಟಿಲ್ಲ. ಅವಕ್ಕೆ ಬೇಕಿರೋದು ಗಿಡ, ಮರೆ.

ಎರಡನೇ ಪ್ರಶ್ನೆ: ಈ ಕಲ್ಲು ನೀರನ್ನ ಬದಲಾಯಿಸುತ್ತಾ? ಬಿಳಿ ಮಾರ್ಬಲ್ ಚೂರು, ಹವಳದ ಪುಡಿ, ಚಿಪ್ಪು, ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ನಿಧಾನವಾಗಿ ಕರಗಿ ನೀರನ್ನ ಗಡಸು ಮಾಡ್ತವೆ, ಪಿಎಚ್ ಏರಿಸ್ತವೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗೆ ಅದು ಬೇಕು, ಅವುಗಳ ಊರಿನ ನೀರೇ ಹಾಗೆ. ಆದರೆ ಮೆದು ನೀರಿನ ನಿಯಾನ್ ಟೆಟ್ರಾಗೆ ಬೇಡ. ಬೋರ್‌ವೆಲ್ ನೀರು ಬರೋ ಮನೆಗಳಲ್ಲಿ ನೀರು ಮೊದಲೇ ಗಡಸಾಗಿರೋದು ಸಾಮಾನ್ಯ, ಇನ್ನಷ್ಟು ಗಡಸು ಮಾಡೋದು ಯಾಕೆ? ಪರೀಕ್ಷೆ ಅಡುಗೆಮನೆಯಲ್ಲೇ ಇದೆ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ, ಹತ್ತಿರದಿಂದ ನೋಡಿ. ಗುಳ್ಳೆ ಬಂದ್ರೆ ಅದರಲ್ಲಿ ಸುಣ್ಣದ ಅಂಶ ಇದೆ. ಬಣ್ಣ ಹಚ್ಚಿದ ಗ್ರಾವೆಲ್ ಆದ್ರೆ ಒಂದು ಹಿಡಿಯನ್ನ ಬಿಳಿ ಬಟ್ಟಲಲ್ಲಿ ಎರಡು ದಿನ ನೆನೆಸಿಡಿ. ನೀರಿಗೆ ಬಣ್ಣ ಬಿಟ್ರೆ ಟ್ಯಾಂಕಿಗೆ ಬೇಡ.

"ಮನೆ ಕಟ್ಟೋ ಕಡೆಯಿಂದ ಎರಡು ಬಾಂಡ್ಲಿ ಮರಳು ತಂದ್ರೆ ಆಗಲ್ವಾ?" ಅಂತ ಕೇಳೋರಿದ್ದಾರೆ. ಈಗ ಕಟ್ಟಡದಲ್ಲಿ ಹೆಚ್ಚಾಗಿ ಸಿಗೋದು ಎಂ-ಸ್ಯಾಂಡ್, ಅಂದ್ರೆ ಬಂಡೆ ಪುಡಿ ಮಾಡಿ ತಯಾರಿಸಿದ್ದು. ನದಿ ಮರಳಿನ ಕಾಳು ನೀರಲ್ಲಿ ಉರುಳಿ ಉರುಳಿ ನುಣುಪಾಗಿರುತ್ತೆ, ಎಂ-ಸ್ಯಾಂಡ್ ಕಾಳಿಗೆ ಅಂಚಿರುತ್ತೆ, ದೂಳೂ ಜಾಸ್ತಿ. ಮೀಸೆ ಮೀನಿಗೆ ಬೇಡ. ಹಾಗಂತ ಹೊಳೆಯಿಂದ ತುಂಬ್ಕೊಂಡು ಬರೋದೂ ಬೇಡ, ಆ ಮರಳೂ ಯಾವುದೋ ಮೀನಿನ ಮನೆಯೇ. ನಮ್ಮ ಪಶ್ಚಿಮ ಘಟ್ಟದ 'ಮಿಸ್ ಕೇರಳ' ಮೀನನ್ನೇ ತಗೊಳ್ಳಿ. ಮೈ ಮೇಲೆ ಕೆಂಪು ಪಟ್ಟೆ, ಅದರ ಕೆಳಗೆ ಕಪ್ಪು ಪಟ್ಟೆ. ಹೆಸರಲ್ಲಿ ಕೇರಳ ಇದ್ರೂ ಕರ್ನಾಟಕದ ಹೊಳೆಗಳಲ್ಲೂ ಇದೆ, ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲ. ಅಳಿವಿನಂಚಿನ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿದೆ. ಅದು ಇರೋದೇ ಕಲ್ಲುಬಂಡೆ ತುಂಬಿದ ಹೊಳೆಯಲ್ಲಿ. ಆ ನೆಲವನ್ನ ಕೆದಕಿ ತಂದು ನಮ್ಮ ಮನೆಯ ಮೀನಿಗೆ ಹಾಸೋದರಲ್ಲಿ ಅರ್ಥ ಇಲ್ಲ.

ಮೂರನೇ ಪ್ರಶ್ನೆ: ಎಷ್ಟು ಕೆಜಿ? ಬಿಕಾಂ ಓದಿದ್ದಕ್ಕೆ ಇಲ್ಲಾದ್ರೂ ಲೆಕ್ಕ ಬರ್ಬೇಕಲ್ವಾ. ಉದ್ದ, ಅಗಲ, ಮರಳಿನ ದಪ್ಪ, ಮೂರನ್ನೂ ಸೆಂಟಿಮೀಟರಲ್ಲಿ ಗುಣಿಸಿ, ಸಾವಿರದಿಂದ ಭಾಗಿಸಿ. ಲೀಟರ್ ಸಿಗುತ್ತೆ. ಒಂದು ಲೀಟರ್ ಮರಳು ಅಂದಾಜು ಒಂದೂವರೆ ಕೆಜಿ. ಎರಡಡಿಗೆ ಒಂದಡಿ ಟ್ಯಾಂಕ್ ಅಂದ್ರೆ 60 ಮತ್ತು 30. ಗಿಡ ಇಲ್ಲದಿದ್ರೆ 3 ಸೆಂಟಿಮೀಟರ್ ಸಾಕು, ಸುಮಾರು 8 ಕೆಜಿ. ಬೇರು ಬಿಡೋ ಗಿಡಕ್ಕೆ 5 ಸೆಂಟಿಮೀಟರ್ ಬೇಕು, ಸುಮಾರು 13ರಿಂದ 14 ಕೆಜಿ. ಅಂಗಡಿಯ ದರಕ್ಕೆ ಗುಣಿಸಿ ನೋಡಿ, ಆಮೇಲೆ ಮನಸ್ಸು ಮಾಡಿ. ಇನ್ನೊಂದು ಮಾತು, ಒಂದಡಿ ಎತ್ತರದ ಆ ಟ್ಯಾಂಕಿಗೆ ನೀರು ತುಂಬಿದ್ರೆ ಗಾಜೂ ಸೇರಿ ಒಟ್ಟು ಭಾರ 65 ಕೆಜಿ ಹತ್ತಿರ ಹೋಗುತ್ತೆ. ಓದೋ ಟೇಬಲ್ ಮೇಲೆ ಒಬ್ಬ ಆಳನ್ನ ರಾತ್ರಿ ಹಗಲು ಕೂರಿಸಿದ ಹಾಗೆ.

ಏನೂ ಹಾಸದೇ ಬಿಡಬಹುದಾ? ಬಿಡಬಹುದು. ಮರಿ ಮಾಡಿಸೋರು ಬಿಡೋದೇ ಹಾಗೆ, ಕ್ಲೀನ್ ಮಾಡೋದು ಸುಲಭ. ಆದರೆ ಮೀನಿನ ಕೊಳೆಯಿಂದ ಬರೋ ಅಮೋನಿಯಾ ವಿಷ. ಅದನ್ನ ಕಡಿಮೆ ಅಪಾಯದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗಳು ಫಿಲ್ಟರ್ ಸ್ಪಂಜಿನ ಜೊತೆಗೆ ಕಲ್ಲು ಮರಳಿನ ಮೇಲೂ ವಾಸ ಮಾಡ್ತವೆ. ನೆಲ ಖಾಲಿ ಇದ್ರೆ ಆ ಕೆಲಸದ ಹೊರೆ ಪೂರ್ತಿ ಫಿಲ್ಟರ್ ಮೇಲೆ. ಇದೇ ಕಾರಣಕ್ಕೆ, ಹೊಸ ಕಲ್ಲನ್ನ ಸೋಪಿಲ್ಲದೆ ತಿಳಿನೀರು ಬರೋವರೆಗೂ ತೊಳೀರಿ. ಆದರೆ ಓಡ್ತಿರೋ ಟ್ಯಾಂಕಿನ ಕಲ್ಲನ್ನ ತಿಂಗಳಿಗೊಮ್ಮೆ ಪೂರ್ತಿ ತೆಗೆದು ನಲ್ಲಿ ಕೆಳಗೆ ಉಜ್ಜಬೇಡಿ. ಸೈಫನ್ ಪೈಪಿನಲ್ಲಿ ಕೊಳೆ ಎಳೆದ್ರೆ ಸಾಕು.

ಈಗ ಹಿನ್ನೆಲೆ. ಇದರ ಮೊದಲ ಕೆಲಸ, ಒಂದು ಕಡೆಯಾದ್ರೂ ಮೀನಿಗೆ ಗೋಡೆ ಇದೆ ಅನ್ನಿಸೋದು. ಎರಡನೇ ಕೆಲಸ, ಪೈಪು ವೈರು ಮುಚ್ಚೋದು. ಇವೆರಡಕ್ಕೂ ಒಂದೇ ಬಣ್ಣದ ಕಪ್ಪು ಹಾಳೆ ಸಾಕು. ಅದು ಮುದ್ರಿಸಿದ ಪೋಸ್ಟರಿಗಿಂತ ಅಗ್ಗ, ಅದರ ಮುಂದೆ ಗಿಡದ ಹಸಿರು, ಮೀನಿನ ಬಣ್ಣ ಎರಡೂ ಚೆನ್ನಾಗಿ ಕಾಣ್ತವೆ. ಹವಳದ ಪೋಸ್ಟರಿನಿಂದ ಮೀನಿಗೆ ತೊಂದರೆ ಇಲ್ಲ. ಆದರೆ ಸಿಹಿನೀರಿನ ಗಪ್ಪಿ ಹಿಂದೆ ಸಮುದ್ರ ಯಾಕೆ ಅಂತ ಒಮ್ಮೆ ಯೋಚಿಸಿ. ಹಾಳೆಯನ್ನ ಗಾಜಿನ ಹೊರಗಡೆ ಅಂಟಿಸಿ. ಮಧ್ಯೆ ಗಾಳಿ ಉಳಿದ್ರೆ ಬೆಳ್ಳಿ ಹಾಗೆ ಹೊಳೆಯುತ್ತೆ, ಗಾಜಿಗೆ ತೆಳ್ಳಗೆ ಅಡುಗೆ ಎಣ್ಣೆ ಸವರಿ ಹಳೇ ಎಟಿಎಂ ಕಾರ್ಡಿನಿಂದ ಒತ್ತಿ. ಪೇಂಟ್ ಮಾಡೋದಾದ್ರೂ ಹೊರಗಡೆಯಿಂದಲೇ, ಟ್ಯಾಂಕ್ ಖಾಲಿ ಇರುವಾಗ. ಕನ್ನಡಿ ಥರದ ಹಾಳೆ ಬೇಡವೇ ಬೇಡ. ಫೈಟರ್ ಮೀನು ತನ್ನ ನೆರಳನ್ನೇ ಶತ್ರು ಅಂದ್ಕೊಂಡು ಕಿವಿರು ಬಿಚ್ಚಿ ಜಗಳಕ್ಕೆ ನಿಲ್ಲುತ್ತೆ. ನಮಗೆ ಅದು ರೀಲ್ಸ್, ಅದಕ್ಕೆ ಸುಸ್ತು.

ಬಂಡೆ ಥರ ಕಾಣೋ ಥರ್ಮೋಕೋಲ್ ಗೋಡೆ ಒಳಗಡೆ ಕೂರಿಸೋರು ಎರಡು ವಿಷಯ ನೆನಪಿಡಿ. ಒಂದು, ಬಾತ್‌ರೂಂ ಸಿಲಿಕೋನ್ ಬೇಡ, ಬೂಷ್ಟು ತಡೆಯೋಕೆ ಹಾಕಿರೋ ರಾಸಾಯನಿಕ ಮೀನಿಗೆ ವಿಷ ಆಗಬಹುದು. ಅಕ್ವೇರಿಯಂಗೆ ಅಂತಲೇ ಬರೋದನ್ನ ತಗೊಳ್ಳಿ, ಪೂರ್ತಿ ಒಣಗೋಕೆ ಬಿಡಿ. ಎರಡು, ಹಿಂದೆ ಸಂದು ಉಳಿಸಬೇಡಿ. ಮೀನು ನುಗ್ಗಿ ಸಿಕ್ಕಿಕೊಂಡ್ರೆ ನಿಮಗೆ ಗೊತ್ತಾಗೋದು ವಾಸನೆ ಬಂದ ಮೇಲೆ.

ಮೆಸೇಜ್ ಕಳಿಸಿದವರಿಗೆ ನನ್ನ ಉತ್ತರ: ನೀಲಿಯೂ ಬೇಡ, ಬಿಳಿಯೂ ಬೇಡ. ಕಂದು ಅಥವಾ ಕಪ್ಪು ಬಣ್ಣದ ನುಣುಪು ಮರಳು 8 ಕೆಜಿ, ಹಿಂದೆ ಕಪ್ಪು ಹಾಳೆ. ಉಳಿದ ದುಡ್ಡಲ್ಲಿ ಒಂದು ಒಳ್ಳೆ ಸ್ಪಂಜ್ ಫಿಲ್ಟರ್, ಒಂದು ಕಟ್ಟು ಗಿಡ.

ಅಂಗಡಿಯಲ್ಲಿ ಹೊಳೆಯೋ ಪ್ಯಾಕೆಟ್ ಮುಂದೆ ನಿಂತಾಗ, ಅದನ್ನ ದಿನಕ್ಕೆ ಎಷ್ಟು ಹೊತ್ತು ನೀವು ನೋಡ್ತೀರಿ ಅಂತ ಲೆಕ್ಕ ಹಾಕಿ. ಅರ್ಧ ಗಂಟೆ ಇರಬಹುದು. ಮೀನು 24 ಗಂಟೆಯೂ ಅದರ ಮೇಲೇ ಬದುಕಬೇಕು. ನಿಮ್ಮ ಟ್ಯಾಂಕಿನ ಪ್ರಶ್ನೆಗಳನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಮೀನು ಯಾವುದು ಅಂತ ಮೊದಲು ಹೇಳಿ. ಮತ್ತೆ ಸಿಗೋಣ.